ಹೆಸರು ಅದೇ, ಒಳಗಿನ ಔಷಧ ಬೇರೆ: ಹಳೆಯ ಬ್ರ್ಯಾಂಡನ್ನು ಕಂಪನಿಗಳು ಏಕೆ ಬಿಡುವುದಿಲ್ಲ

2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ರಾನಿಟಿಡಿನ್ ಇರುವ ಎಲ್ಲ ಮಾತ್ರೆಗಳನ್ನೂ ಮಾರುಕಟ್ಟೆಯಿಂದ ಹಿಂತೆಗೆಯುವಂತೆ ಕಂಪನಿಗಳಿಗೆ ಹೇಳಿತು. ಎದೆಯುರಿ, ಹುಳಿತೇಗಿಗೆ ಸುಮಾರು ನಲವತ್ತು ವರ್ಷ ಜನ ನುಂಗಿದ ಔಷಧ ಅದು. ದಿನ ಕಳೆದಂತೆ, ಅದರಲ್ಲೂ ಬಿಸಿಯ ಜಾಗದಲ್ಲಿಟ್ಟರೆ, ಅದರೊಳಗೆ ಎನ್‌ಡಿಎಂಎ ಎಂಬ ರಾಸಾಯನಿಕ ಹೆಚ್ಚುತ್ತಾ ಹೋಗುತ್ತದೆ, ಅದರಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಎಂಬುದು ಕಾರಣ. ರಾನಿಟಿಡಿನ್‌ನ ಮೂಲ ಬ್ರ್ಯಾಂಡಿನ ಹೆಸರು ಜಾಂಟ್ಯಾಕ್. 1980ರ ದಶಕದ ಕೊನೆಯ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ವಹಿವಾಟು ಕಂಡ ಔಷಧ ಅದಾಗಿತ್ತು. ಔಷಧವೇ ಹೋದ ಮೇಲೆ ಹೆಸರೂ ಹೋಗಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಹೋಗಲಿಲ್ಲ. 2021ರಲ್ಲಿ ಜಾಂಟ್ಯಾಕ್ 360 ಎಂಬ ಡಬ್ಬಿ ಅಮೆರಿಕದ ಅಂಗಡಿಗಳಿಗೆ ಬಂತು. ಒಳಗಿದ್ದದ್ದು ಫ್ಯಾಮೊಟಿಡಿನ್, ಅಂದರೆ ಜಾಂಟ್ಯಾಕ್‌ನ ಎದುರಾಳಿ ಪೆಪ್ಸಿಡ್ ಎಂಬ ಬ್ರ್ಯಾಂಡಿನಲ್ಲಿ ದಶಕಗಳಿಂದ ಮಾರಾಟವಾಗುತ್ತಿದ್ದ ಔಷಧ.

ಮೆಡಿಕಲ್ ಶಾಪ್‌ನಲ್ಲಿ ಮಾತ್ರೆಯನ್ನು ಹೆಸರು ಹಿಡಿದು ಕೇಳುವಾಗ ಆ ಹೆಸರು ಒಳಗಿರುವ ವಸ್ತುವಿನದು ಎಂದೇ ನಾವು ತಿಳಿದಿರುತ್ತೇವೆ. ಕಾನೂನು ಹಾಗೆ ತಿಳಿಯುವುದಿಲ್ಲ. ಟ್ರೇಡ್‌ಮಾರ್ಕ್ ಎಂದರೆ ಸರಕು ಯಾರಿಂದ ಬಂತು ಎಂದು ಹೇಳುವ ಗುರುತು, ಅಷ್ಟೆ. ಕುರಿಗಾಹಿ ತನ್ನ ಹಿಂಡಿನ ಬೆನ್ನಿಗೆ ಬಳಿಯುವ ಬಣ್ಣದ ಹಾಗೆ. ಬಣ್ಣ ನೋಡಿದರೆ ಕುರಿ ಯಾರದ್ದೆಂದು ಗೊತ್ತಾಗುತ್ತದೆ. ಅದರ ತಳಿ ಯಾವುದು, ವಯಸ್ಸೆಷ್ಟು, ಅದಕ್ಕೆ ರೋಗವಿದೆಯೇ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಹಿಂಡಿಗೆ ಹೊಸ ಕುರಿ ಸೇರಿದರೆ ಅದಕ್ಕೂ ಅದೇ ಬಣ್ಣ ಬಳಿಯಲು ಮಾಲೀಕನಿಗೆ ಪೂರ್ತಿ ಹಕ್ಕಿದೆ. ಔಷಧದ ಹೆಸರಿನಿಂದ ಆಗುವ ಗೊಂದಲವೆಲ್ಲ ಈ ಒಂದು ಅಂತರದಿಂದ ಹುಟ್ಟುತ್ತದೆ.

ಜಾಂಟ್ಯಾಕ್ ವಿಷಯದಲ್ಲಿ ಕಂಪನಿಯ ಪರವಾಗಿ ಹೇಳಬಹುದಾದ ಮಾತೂ ಇದೆ. ರಾನಿಟಿಡಿನ್, ಫ್ಯಾಮೊಟಿಡಿನ್ ಎರಡೂ ಒಂದೇ ಗುಂಪಿನ ಔಷಧಗಳು. ಎರಡೂ ಹೊಟ್ಟೆಯ ಆಮ್ಲವನ್ನು ಒಂದೇ ರೀತಿಯಲ್ಲಿ ತಗ್ಗಿಸುತ್ತವೆ. ಎದೆಯುರಿಗೆಂದು ಕೊಂಡವರಿಗೆ ಎದೆಯುರಿಯ ಮಾತ್ರೆಯೇ ಸಿಕ್ಕಿತು. ಆದರೆ ಎಲ್ಲ ಬದಲಾವಣೆಗಳೂ ಇಷ್ಟು ಸೌಮ್ಯವಾಗಿರುವುದಿಲ್ಲ.

ಮ್ಯಾಲೋಕ್ಸ್ ಎಂಬ ಹೆಸರನ್ನೇ ನೋಡಿ. ಮ್ಯಾಗ್ನೀಸಿಯಂನ ‘ಮ’, ಅಲ್ಯೂಮಿನಿಯಂನ ‘ಅಲ್’, ಹೈಡ್ರಾಕ್ಸೈಡ್‌ನ ‘ಆಕ್ಸ್’ ಸೇರಿಸಿ ಕಟ್ಟಿದ ಪದ. ಆಮ್ಲವನ್ನು ಶಮನಗೊಳಿಸುವ ಬಿಳಿ ದ್ರವ ಅದು. ಒಳಗೇನಿದೆ ಎಂಬುದನ್ನು ಹೆಸರೇ ಸಾರುತ್ತಿತ್ತು. ಮುಂದೆ ಇದೇ ಹೆಸರಿನಡಿ ಮ್ಯಾಲೋಕ್ಸ್ ಟೋಟಲ್ ರಿಲೀಫ್ ಎಂಬ ಇನ್ನೊಂದು ಬಾಟಲಿ ಬಂತು. ಅದರಲ್ಲಿ ಮ್ಯಾಗ್ನೀಸಿಯಂ ಇರಲಿಲ್ಲ, ಅಲ್ಯೂಮಿನಿಯಂ ಇರಲಿಲ್ಲ; ಇದ್ದದ್ದು ಬಿಸ್ಮತ್ ಸಬ್‌ಸ್ಯಾಲಿಸಿಲೇಟ್. ಇದು ಆಸ್ಪಿರಿನ್‌ನ ಬಳಗದ ರಾಸಾಯನಿಕ. ಹೊಟ್ಟೆಹುಣ್ಣು ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುತ್ತಿರುವವರು ಇದನ್ನು ಕುಡಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಫ್ಲೂ ಅಥವಾ ಸೀತಾಳೆ ಸಿಡುಬಿನಿಂದ ಚೇತರಿಸಿಕೊಳ್ಳುತ್ತಿರುವ ಮಕ್ಕಳಿಗೆ ಸ್ಯಾಲಿಸಿಲೇಟ್ ಕೊಡಲೇಬಾರದು; ಮೆದುಳು, ಪಿತ್ತಜನಕಾಂಗಕ್ಕೆ ಹಾನಿ ಮಾಡುವ ರೈ ಸಿಂಡ್ರೋಮ್ ಬರಬಹುದು. ಎಂದಿನ ಮ್ಯಾಲೋಕ್ಸ್ ಬೇಕಾಗಿದ್ದವರು ಟೋಟಲ್ ರಿಲೀಫ್ ಕುಡಿದು ತೊಂದರೆಗೊಳಗಾದ ಐದು ಗಂಭೀರ ಪ್ರಕರಣಗಳು ವರದಿಯಾದ ಮೇಲೆ, 2010ರ ಫೆಬ್ರುವರಿಯಲ್ಲಿ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಹೆಸರು ಬದಲಿಸಲು ಕಂಪನಿ ಆಗ ಒಪ್ಪಿತು.

ಕೆಯೋಪೆಕ್ಟೇಟ್ ಕಥೆ ಇನ್ನೂ ವಿಚಿತ್ರ. ಕೆಯೋಲಿನ್ ಎಂಬ ಜೇಡಿಮಣ್ಣು, ಹಣ್ಣಿನ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್, ಈ ಎರಡರಿಂದ ಆದ ಭೇದಿಯ ಔಷಧಕ್ಕೆ ಇಟ್ಟ ಹೆಸರದು. 1980ರ ದಶಕದ ಕೊನೆಯಲ್ಲಿ ಅವೆರಡನ್ನೂ ತೆಗೆದು ಆಟಪಲ್ಜೈಟ್ ಎಂಬ ಬೇರೆ ಜೇಡಿಯನ್ನು ಹಾಕಿದರು. ಆಟಪಲ್ಜೈಟ್ ಭೇದಿಗೆ ಪರಿಣಾಮಕಾರಿ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಎಫ್‌ಡಿಎ 2003ರಲ್ಲಿ ತೀರ್ಮಾನಿಸಿದಾಗ ಅಮೆರಿಕದಲ್ಲಿ ಅದೂ ಹೋಗಿ, ಜಾಗಕ್ಕೆ ಮತ್ತದೇ ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಬಂತು. ಒಂದೇ ಹೆಸರಿನಡಿ ಮೂರು ಔಷಧಗಳು ದಾಟಿಹೋಗಿವೆ. ಹೆಸರಿನಲ್ಲಿರುವ ಎರಡು ವಸ್ತುಗಳಲ್ಲಿ ಒಂದೂ ಈಗ ಬಾಟಲಿಯಲ್ಲಿಲ್ಲ. ಮೊದಲಿನದ್ದು ಹೀರಿಕೊಳ್ಳುವ ಮಣ್ಣು, ರಕ್ತಕ್ಕೆ ಸೇರುವುದೇ ಇಲ್ಲ. ಈಗಿನದ್ದು ಮಕ್ಕಳಿಗೆ ಕೊಡಬಾರದ ಸ್ಯಾಲಿಸಿಲೇಟ್. ಅಮ್ಮ ತನಗೆ ಕೊಡುತ್ತಿದ್ದಳೆಂದು ತನ್ನ ಮಗುವಿಗೂ ಅದನ್ನೇ ಕೊಡುವ ತಾಯಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ?

ಸುಡಾಫೆಡ್‌ನಲ್ಲಿ ನಡೆದದ್ದು ಬೇರೊಂದು ಬಗೆ. ಮೂಗು ಕಟ್ಟಿದ್ದನ್ನು ಬಿಡಿಸುವ ಸ್ಯೂಡೋಎಫೆಡ್ರಿನ್ ಎಂಬ ಔಷಧದ ಹೆಸರನ್ನೇ ಕತ್ತರಿಸಿ ಜೋಡಿಸಿದ ಬ್ರ್ಯಾಂಡ್ ಅದು. ಆ ಔಷಧದಿಂದ ಮೆಥಾಂಫೆಟಮೈನ್ ಎಂಬ ಮಾದಕವಸ್ತು ತಯಾರಿಸುತ್ತಿದ್ದರೆಂದು 2006ರಿಂದ ಅಮೆರಿಕದಲ್ಲಿ ಅದನ್ನು ಕೌಂಟರಿನ ಹಿಂದಿಟ್ಟು, ಗುರುತಿನ ಚೀಟಿ ನೋಡಿಯೇ ಮಾರಬೇಕೆಂಬ ಕಾನೂನು ಬಂತು. ಮುಂದಿನ ಕಪಾಟಿನ ಜಾಗ ಖಾಲಿಯಾಯಿತು. ಕಂಪನಿ ಅಲ್ಲಿ ಸುಡಾಫೆಡ್ ಪಿಇ ಇಟ್ಟಿತು; ‘ಪಿಇ’ ಎಂದರೆ ಫಿನೈಲೆಫ್ರಿನ್. ಬಾಯಿಂದ ನುಂಗಿದ ಫಿನೈಲೆಫ್ರಿನ್‌ನ ಬಹುಭಾಗ ಕರುಳಿನ ಗೋಡೆಯಲ್ಲೇ ನಾಶವಾಗುತ್ತದೆ, ಮೂಗಿನ ತನಕ ತಲುಪುವುದು ತೀರಾ ಕಡಿಮೆ. 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿಯ 16 ಸದಸ್ಯರೂ ಒಮ್ಮತದಿಂದ, ಬಾಯಿಂದ ಕೊಡುವ ಫಿನೈಲೆಫ್ರಿನ್ ಮೂಗು ಬಿಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದರು; 2024ರ ನವೆಂಬರ್‌ನಲ್ಲಿ ಅದನ್ನು ಕೈಬಿಡುವ ಪ್ರಸ್ತಾವವನ್ನು ಎಫ್‌ಡಿಎ ಹೊರಡಿಸಿತು. ಹಳೆಯ ಔಷಧ ಸಂಪಾದಿಸಿದ್ದ ಹೆಸರಿನ ಬಲದ ಮೇಲೆ ಹೊಸ ಔಷಧ ಇಷ್ಟು ವರ್ಷ ಮಾರಾಟವಾಗಿತ್ತು. ನಮ್ಮಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿಯೂ ಬಹುಪಾಲು ಇದೇ ಫಿನೈಲೆಫ್ರಿನ್ ಇದೆ.

ದೇಶ ಬದಲಾದರೆ ಹೆಸರಿನ ಅರ್ಥವೂ ಬದಲಾಗುತ್ತದೆ. ಅಮೆರಿಕದಲ್ಲಿ ಬೆನಡ್ರಿಲ್ ಎಂದರೆ ಅಲರ್ಜಿಯ ಮಾತ್ರೆ, ಒಳಗೆ ಡೈಫೆನ್‌ಹೈಡ್ರಮಿನ್, ಚೆನ್ನಾಗಿ ನಿದ್ದೆ ಬರಿಸುತ್ತದೆ. ಬ್ರಿಟನ್‌ನಲ್ಲಿ ಅದೇ ಹೆಸರಿನ ಡಬ್ಬಿಗಳಲ್ಲಿ ಅಕ್ರಿವಾಸ್ಟಿನ್ ಅಥವಾ ಸೆಟ್ರಿಜಿನ್ ಇರುತ್ತದೆ. ಭಾರತದಲ್ಲಿ ಬೆನಡ್ರಿಲ್ ಎಂದೊಡನೆ ನೆನಪಾಗುವುದು ಕೆಮ್ಮಿನ ಸಿರಪ್. ಲಂಡನ್‌ನಲ್ಲಿರುವ ಮಗ ಬೆಂಗಳೂರಿನ ಅಪ್ಪನಿಗೆ ಫೋನಿನಲ್ಲಿ ‘ಬೆನಡ್ರಿಲ್ ತಗೊಳ್ಳಿ ಅಪ್ಪಾ’ ಎಂದರೆ ಇಬ್ಬರೂ ಬೇರೆಬೇರೆ ಔಷಧಗಳ ಬಗ್ಗೆ ಮಾತನಾಡುತ್ತಿರುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಕಂಪನಿಗಳು ಹೆಸರನ್ನು ಬಿಡುವುದಿಲ್ಲ. ಅದಕ್ಕೆ ಮೊದಲ ಕಾರಣ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್‌ಗಳ ಆಯುಷ್ಯದಲ್ಲಿರುವ ವ್ಯತ್ಯಾಸ. ಹೊಸ ಔಷಧದ ಮೇಲಿನ ಪೇಟೆಂಟ್ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದು ಮುಗಿದ ಮೇಲೆ ಯಾರು ಬೇಕಾದರೂ ಆ ಔಷಧ ತಯಾರಿಸಬಹುದು. ಹೆಸರಿನ ನೋಂದಣಿ ಭಾರತದಲ್ಲಿ 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಎಂದೆಂದಿಗೂ ಉಳಿಯುತ್ತದೆ. ಪೇಟೆಂಟ್ ಕಳೆದ ಮೇಲೆ ಕಂಪನಿಯ ಬಳಿ ಉಳಿಯುವ ಆಸ್ತಿ ಹೆಸರೊಂದೇ. ಆದರೆ ಹೆಸರನ್ನು ಬಳಸದೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 47ನೇ ಕಲಮಿನ ಪ್ರಕಾರ, ಐದು ವರ್ಷಕ್ಕೂ ಹೆಚ್ಚು ಕಾಲ ಸತತವಾಗಿ ಬಳಸದ ಹೆಸರನ್ನು ನೋಂದಣಿಯಿಂದ ತೆಗೆದುಹಾಕಿ ಎಂದು ಬೇರೆಯವರು ಅರ್ಜಿ ಹಾಕಬಹುದು. ಉಳುಮೆ ಬಿಟ್ಟ ಹೊಲಕ್ಕೆ ಅಕ್ಕಪಕ್ಕದವರು ಬೇಲಿ ಸರಿಸುವಂತೆ. ಹಾಗಾಗಿ ಒಳಗಿನ ಔಷಧ ನಿಷೇಧವಾದರೂ, ಹಳತಾದರೂ, ಆ ಹೆಸರಿನಡಿ ಏನನ್ನಾದರೂ ಮಾರುತ್ತಲೇ ಇರಬೇಕಾದ ಒತ್ತಡ ಕಾನೂನಿನಿಂದಲೇ ಬರುತ್ತದೆ.

ಎರಡನೆಯದು ಖರ್ಚು. ಹೊಸ ಹೆಸರು ಬೇಕೆಂದರೆ ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಔಷಧಗಳಿಗಿರುವ ಐದನೇ ವರ್ಗದಲ್ಲಿ ಅಂಥದ್ದು ಈಗಾಗಲೇ ಇಲ್ಲವೆಂದು ಹುಡುಕಬೇಕು, ನೋಂದಣಿಗೆ ಅರ್ಜಿ ಹಾಕಿ ಆಕ್ಷೇಪಣೆಗಳಿಗೆ ಉತ್ತರ ಕೊಡಬೇಕು, ತಯಾರಿಕಾ ಪರವಾನಗಿಯಲ್ಲಿ ಹೆಸರು ಸೇರಿಸಬೇಕು, ಸ್ಟ್ರಿಪ್ಪು, ಡಬ್ಬಿ, ಒಳಗಿನ ಚೀಟಿ ಎಲ್ಲದರ ಮುದ್ರಣ ಹೊಸದಾಗಿ ಆಗಬೇಕು. ಇದೆಲ್ಲ ಹಣ ಕೊಟ್ಟರೆ ಆಗುವ ಕೆಲಸ. ಹಣ ಕೊಟ್ಟರೂ ಬೇಗ ಆಗದ್ದು ವೈದ್ಯರ ಕೈಬರಹದಲ್ಲಿ, ಅಂಗಡಿಯವನ ನಾಲಿಗೆಯಲ್ಲಿ, ರೋಗಿಯ ನೆನಪಿನಲ್ಲಿ ಆ ಹೆಸರು ಕೂರುವುದು. ಮೆಡಿಕಲ್ ರೆಪ್‌ಗಳು ವರ್ಷಗಟ್ಟಲೆ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆದು ಕೂರಿಸುವ ಹೆಸರದು. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಡೋಲೋ 650 ಕೋವಿಡ್ ಕಾಲದಲ್ಲಿ ಮನೆಮನೆಗೂ ತಲುಪಿ, ಜ್ವರದ ಮಾತ್ರೆಗೇ ‘ಡೋಲೋ’ ಎನ್ನುವ ಮಟ್ಟಿಗೆ ಬಂತು. ಅದರಲ್ಲಿರುವುದು 650 ಮಿಲಿಗ್ರಾಂ ಪ್ಯಾರಸಿಟಮಾಲ್. ಅದೇ ಪ್ರಮಾಣದ ಅದೇ ಔಷಧ ಬೇರೆ ಎಷ್ಟೋ ಹೆಸರುಗಳಲ್ಲಿ ಸಿಗುತ್ತದೆ. ಆದರೂ ಜನ ಕೇಳುವುದು ಹೆಸರು ಹಿಡಿದೇ. ಇಂಥ ಹೆಸರಿರುವ ಕಂಪನಿ ಹೊಸ ಮಾತ್ರೆಗೆ ಹೊಸ ಹೆಸರು ಹುಡುಕುವುದಕ್ಕಿಂತ ಇರುವ ಹೆಸರಿನ ಬಾಲಕ್ಕೆ ಒಂದಕ್ಷರ ಸೇರಿಸುವುದೇ ಲಾಭವೆಂದು ಲೆಕ್ಕ ಹಾಕುತ್ತದೆ.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಗೊಂದಲ ಎಂದರೇನು ಎಂಬುದನ್ನು ಕಾನೂನು ಅರ್ಥ ಮಾಡಿಕೊಂಡಿರುವ ರೀತಿ. 2001ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಕ್ಯಾಡಿಲಾ ಹೆಲ್ತ್‌ಕೇರ್ ಮತ್ತು ಕ್ಯಾಡಿಲಾ ಫಾರ್ಮಾಸ್ಯೂಟಿಕಲ್ಸ್ ನಡುವಿನ ಮೊಕದ್ದಮೆ ಬಂತು. ಹಳೆಯ ಕ್ಯಾಡಿಲಾ ಒಡೆದು ಎರಡಾದಾಗ ಇಬ್ಬರೂ ಆ ಹೆಸರನ್ನು ಉಳಿಸಿಕೊಂಡಿದ್ದರು. ಒಬ್ಬರ ಮಲೇರಿಯಾ ಔಷಧ ಫಾಲ್ಸಿಗೋ, ಇನ್ನೊಬ್ಬರದ್ದು ಫಾಲ್ಸಿಟ್ಯಾಬ್. ಒಂದರಲ್ಲಿ ಆರ್ಟಿಸುನೇಟ್, ಇನ್ನೊಂದರಲ್ಲಿ ಮೆಫ್ಲೋಕ್ವಿನ್. ಔಷಧಗಳು ಮಿಠಾಯಿಯಲ್ಲ, ಹೆಸರು ತಪ್ಪಿದರೆ ಪ್ರಾಣಕ್ಕೇ ಕುತ್ತು; ಹಲವು ಭಾಷೆಗಳ, ಅಕ್ಷರ ಬಾರದವರೂ ಇರುವ ಈ ದೇಶದಲ್ಲಿ ಬೇರೆ ಸರಕುಗಳಿಗಿಂತ ಔಷಧದ ಹೆಸರುಗಳಿಗೆ ಹೆಚ್ಚು ಕಟ್ಟುನಿಟ್ಟಿನ ಅಳತೆಗೋಲು ಬೇಕು ಎಂದು ನ್ಯಾಯಾಲಯ ಹೇಳಿತು. ದೊಡ್ಡ ತೀರ್ಪು. 2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಔಷಧ ನಿಯಮಗಳಿಗೆ ತಿದ್ದುಪಡಿ ತಂದು, ಬ್ರ್ಯಾಂಡ್ ಹೆಸರಿನಲ್ಲಿ ಪರವಾನಗಿ ಕೇಳುವ ತಯಾರಕರು ‘ಇಂಥದ್ದೇ ಹೆಸರು ಈಗಾಗಲೇ ಬಳಕೆಯಲ್ಲಿಲ್ಲ, ಇದರಿಂದ ಗೊಂದಲವಾಗುವುದಿಲ್ಲ’ ಎಂದು ಫಾರ್ಮ್ 51ರಲ್ಲಿ ಮುಚ್ಚಳಿಕೆ ಬರೆದುಕೊಡಬೇಕು ಎಂದಿತು. ಒಳ್ಳೆಯ ನಿಯಮ. ಆದರೆ ತೀರ್ಪು, ನಿಯಮ ಎರಡರ ಕಣ್ಣೂ ಇರುವುದು ಒಬ್ಬರ ಹೆಸರನ್ನು ಇನ್ನೊಬ್ಬರು ಕದಿಯುವ, ಅನುಕರಿಸುವ ಗೊಂದಲದ ಮೇಲೆ. ಒಂದೇ ಕಂಪನಿ ತನ್ನದೇ ಹೆಸರನ್ನು ಐದು ಬೇರೆ ಔಷಧಗಳಿಗೆ ಇಟ್ಟರೆ ಅಲ್ಲಿ ಕಳ್ಳನೂ ಇಲ್ಲ, ಕಳೆದುಕೊಂಡವನೂ ಇಲ್ಲ. ದಾವೆ ಹೂಡುವವರು ಯಾರು? ಗೊಂದಲಕ್ಕೆ ಬಿದ್ದ ರೋಗಿ ಆ ಮೊಕದ್ದಮೆಯಲ್ಲಿ ಕಕ್ಷಿದಾರನೇ ಅಲ್ಲ.

ಅಮೆರಿಕದಲ್ಲಿಯೂ ಇದೇ ಬಿರುಕಿದೆ. ವೈದ್ಯರ ಚೀಟಿ ಬೇಕಾದ ಹೊಸ ಔಷಧಗಳ ಹೆಸರನ್ನು ಎಫ್‌ಡಿಎ ಮೊದಲೇ ಪರೀಕ್ಷಿಸುತ್ತದೆ. ಬರೆದಾಗ ಹೇಗೆ ಕಾಣುತ್ತದೆ, ಹೇಳಿದಾಗ ಹೇಗೆ ಕೇಳುತ್ತದೆ ಎಂಬುದನ್ನು ಕಂಪ್ಯೂಟರ್ ಪ್ರೋಗ್ರಾಂ ಬಳಸಿ ನೋಡುತ್ತದೆ. ಆದರೆ ಆಂಟಾಸಿಡ್, ಭೇದಿ, ನೆಗಡಿಯ ಎಷ್ಟೋ ಔಷಧಗಳು ಮೊನೊಗ್ರಾಫ್ ಎಂಬ ಸಿದ್ಧ ನಿಯಮಾವಳಿಯಡಿ ಬರುತ್ತವೆ. ಅದರಲ್ಲಿ ಪಟ್ಟಿ ಮಾಡಿದ ವಸ್ತು, ಪ್ರಮಾಣ, ಎಚ್ಚರಿಕೆಗಳನ್ನು ಪಾಲಿಸಿದರೆ ಒಂದೊಂದು ಸರಕಿಗೂ ಪ್ರತ್ಯೇಕ ಪೂರ್ವಾನುಮತಿ ಬೇಕಿಲ್ಲ. ಅನುಮತಿಯೇ ಬೇಡದ ಮೇಲೆ ಹೆಸರಿನ ಪೂರ್ವಪರೀಕ್ಷೆಯೂ ಇಲ್ಲ. ಮ್ಯಾಲೋಕ್ಸ್ ಟೋಟಲ್ ರಿಲೀಫ್ ಆ ದಾರಿಯಿಂದಲೇ ಅಂಗಡಿಗೆ ಬಂತು.

ಹೆಸರು ಬದಲಿಸಿದ ಉದಾಹರಣೆಗಳೇ ಇಲ್ಲವೆಂದಲ್ಲ. ಓಮೆಪ್ರಜೋಲ್ ಅಮೆರಿಕಕ್ಕೆ ಬಂದಾಗ ಅದರ ಹೆಸರು ಲೋಸೆಕ್. ಮೂತ್ರ ಹೆಚ್ಚಿಸುವ ಲೇಸಿಕ್ಸ್ ಜೊತೆ ಕೈಬರಹದಲ್ಲಿ ಕಲಸಿಹೋಗುತ್ತಿತ್ತು; 1990ರಲ್ಲಿ ಅದು ಪ್ರಿಲೋಸೆಕ್ ಆಯಿತು. ಖಿನ್ನತೆಯ ಬ್ರಿಂಟೆಲಿಕ್ಸ್, ಹೃದ್ರೋಗದ ಬ್ರಿಲಿಂಟಾದೊಂದಿಗೆ ಗೊಂದಲವಾಗುತ್ತಿದ್ದರಿಂದ 2016ರಲ್ಲಿ ಟ್ರಿಂಟೆಲಿಕ್ಸ್ ಆಯಿತು. ಎರಡರಲ್ಲಿಯೂ ಒಂದು ಸಮಾನ ಸಂಗತಿ ಇದೆ: ಮಾರುಕಟ್ಟೆಗೆ ಬಂದು ಕೆಲವೇ ವರ್ಷವಾಗಿತ್ತು, ಹೆಸರಿನ ಮೇಲೆ ಸುರಿದ ಬಂಡವಾಳ ಇನ್ನೂ ಬೇರು ಬಿಟ್ಟಿರಲಿಲ್ಲ, ಗೊಂದಲ ಬೇರೆ ಕಂಪನಿಯ ಔಷಧದೊಂದಿಗೆ ಆಗುತ್ತಿತ್ತು. ಹೆಸರು ಬದಲಿಸುವುದರಲ್ಲಿ ಹೊಸ ಅಪಾಯವೂ ಇದೆ ಎಂದು ಕಂಪನಿಗಳು ವಾದಿಸುತ್ತವೆ, ಅದರಲ್ಲಿ ಸತ್ಯವಿದೆ. ಪ್ರಿಲೋಸೆಕ್ ಮುಂದೆ ಪ್ರೋಜಾಕ್ ಎಂಬ ಖಿನ್ನತೆಯ ಔಷಧದೊಂದಿಗೆ ಗೊಂದಲವಾಗುವ ಹೆಸರುಗಳ ಪಟ್ಟಿಗೆ ಸೇರಿತು.

ಇನ್ನು ನಮ್ಮ ಮನೆಯ ಔಷಧದ ಡಬ್ಬಿಗೆ ಬರೋಣ. ಇಲ್ಲಿ ಹೆಸರು ಹಿಗ್ಗುವುದು ಬಾಲದ ಅಕ್ಷರಗಳಿಂದ. ರಕ್ತದೊತ್ತಡದ ಟೆಲ್ಮಾದಲ್ಲಿ ಟೆಲ್ಮಿಸಾರ್ಟಾನ್ ಮಾತ್ರ. ಟೆಲ್ಮಾ ಎಚ್‌ನಲ್ಲಿ ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್. ಟೆಲ್ಮಾ ಎಎಂನಲ್ಲಿ ಆಮ್ಲೋಡಿಪಿನ್. ‘ಎಚ್’ ಅಕ್ಷರ ಬಿಟ್ಟುಹೋದರೆ ಒತ್ತಡ ಹಿಡಿತಕ್ಕೆ ಬರುವುದಿಲ್ಲ. ಬೇಡದೆ ಸೇರಿದರೆ ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ತಲೆಸುತ್ತು, ಗಲಿಬಿಲಿ, ಬೀಳುವುದು ಶುರುವಾಗಬಹುದು. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾನ್‌ನಲ್ಲಿ ಪ್ಯಾಂಟೊಪ್ರಜೋಲ್ ಮಾತ್ರ, ಪ್ಯಾನ್ ಡಿ ಎಂದರೆ ಜೊತೆಗೆ ಡೊಂಪೆರಿಡೋನ್. ಹೃದಯದ ಬಡಿತದ ಲಯಕ್ಕೆ ಸಂಬಂಧಿಸಿದ ತೊಂದರೆ ಇರುವವರಿಗೆ ಡೊಂಪೆರಿಡೋನ್ ಒಳ್ಳೆಯದಲ್ಲ. ನೋವಿನ ಜೆರೊಡಾಲ್‌ನಲ್ಲಿ ಅಸೆಕ್ಲೋಫೆನಾಕ್ ಒಂದೇ. ‘ಪಿ’ ಸೇರಿದರೆ ಪ್ಯಾರಸಿಟಮಾಲ್, ‘ಎಸ್‌ಪಿ’ ಸೇರಿದರೆ ಸೆರಾಶಿಯೋಪೆಪ್ಟಿಡೇಸ್ ಕೂಡ.

ಈ ಬಾಲದ ಅಕ್ಷರಗಳಿಗೆ ಒಂದೇ ನಿಘಂಟು ಇಲ್ಲ ಎಂಬುದು ದೊಡ್ಡ ತೊಡಕು. ಒಂದು ಬ್ರ್ಯಾಂಡಿನ ‘ಡಿ’ ಡೊಂಪೆರಿಡೋನ್ ಆದರೆ ಇನ್ನೊಂದರ ‘ಡಿ’ ಡೈಕ್ಲೋಫೆನಾಕ್, ಮತ್ತೊಂದರದ್ದು ವಿಟಮಿನ್ ಡಿ. ‘ಪ್ಲಸ್’, ‘ಫೋರ್ಟ್’, ‘ಅಡ್ವಾನ್ಸ್’ ಎಂಬ ಪದಗಳಿಂದಂತೂ ಒಳಗೆ ಏನು ಸೇರಿತು ಎಂಬುದರ ಸುಳಿವೇ ಸಿಗುವುದಿಲ್ಲ.

ಇದರಿಂದ ಆಗುವ ಅನಾಹುತವನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಜ್ವರ, ಮೈಕೈ ನೋವು, ನೆಗಡಿ ಮೂರೂ ಇರುವ ವಯಸ್ಕರೊಬ್ಬರು ದಿನಕ್ಕೆ ನಾಲ್ಕು ಸಲ 650ರ ಪ್ಯಾರಸಿಟಮಾಲ್ ನುಂಗುತ್ತಾರೆ ಎಂದುಕೊಳ್ಳಿ: 2,600 ಮಿಲಿಗ್ರಾಂ. ಸೊಂಟನೋವಿಗೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಬೆರೆತ ‘ಎಸ್‌ಪಿ’ ಮಾತ್ರೆ ಎರಡು ಸಲ: 650. ನೆಗಡಿಗೆ 500 ಇರುವ ಮಾತ್ರೆ ಮೂರು ಸಲ: 1,500. ಒಟ್ಟು 4,750 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4,000. ಕುಡಿತದ ಅಭ್ಯಾಸ, ಪಿತ್ತಜನಕಾಂಗದ ಕಾಯಿಲೆ, ತೀರಾ ಕಡಿಮೆ ತೂಕ ಇದ್ದವರಿಗೆ ಅದಕ್ಕಿಂತ ಕಡಿಮೆ. ಈ ಮಾತ್ರೆಗಳನ್ನು ನುಂಗಿದವರ ಲೆಕ್ಕದಲ್ಲಿ ತಾವು ಮೂರು ತೊಂದರೆಗೆ ಮೂರು ಬೇರೆ ಔಷಧ ನುಂಗಿದ್ದಾರೆ. ಪಿತ್ತಜನಕಾಂಗಕ್ಕೆ ತಲುಪಿದ್ದು ಒಂದೇ ಔಷಧ, ಮಿತಿ ಮೀರಿದಷ್ಟು. ಮೊದಲ ದಿನ ವಾಕರಿಕೆ ಬಿಟ್ಟರೆ ಹೆಚ್ಚೇನೂ ಕಾಣದಿರಬಹುದು, ಹಾನಿಯ ಲಕ್ಷಣಗಳು ಕಾಣಲು ಎರಡು ಮೂರು ದಿನ ಹಿಡಿಯಬಹುದು. ಆದ್ದರಿಂದ ಮಿತಿ ಮೀರಿದೆ ಎಂದು ತಿಳಿದೊಡನೆ, ಏನೂ ಆಗಿಲ್ಲವಲ್ಲ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಚೆನ್ನಾಗಿ ಕೆಲಸ ಮಾಡುತ್ತದೆ.

ಮಕ್ಕಳ ವಿಷಯದಲ್ಲಿ ಹೆಸರು ಅದೇ, ಔಷಧವೂ ಅದೇ, ಆದರೆ ಗಾಢತೆ ಬೇರೆ. ಒಂದೇ ಬ್ರ್ಯಾಂಡಿನ ಪ್ಯಾರಸಿಟಮಾಲ್ ನಮ್ಮಲ್ಲಿ ಮೂರು ರೂಪದಲ್ಲಿ ಸಿಗುತ್ತದೆ: ಪ್ರತಿ ಮಿಲಿಲೀಟರ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್, 5 ಮಿಲಿಲೀಟರ್‌ಗೆ ಸುಮಾರು 120 ಇರುವ ಸಿರಪ್, 5 ಮಿಲಿಲೀಟರ್‌ಗೆ 240 ಅಥವಾ 250 ಇರುವ ಡಿಎಸ್, ಅಂದರೆ ದುಪ್ಪಟ್ಟು ಗಾಢತೆಯ ಸಿರಪ್. ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಬೇಕು. ಅದು ಡ್ರಾಪ್ಸ್ ಆದರೆ ಒಂದೂವರೆ ಮಿಲಿಲೀಟರ್, ಡಿಎಸ್ ಆದರೆ ಮೂರು, ಸಾದಾ ಸಿರಪ್ ಆದರೆ ಆರು. ಸಿರಪ್‌ನ ಅಳತೆ ನೆನಪಿಟ್ಟುಕೊಂಡು ಡ್ರಾಪ್ಸ್‌ನಿಂದ ಆರು ಮಿಲಿಲೀಟರ್ ಕುಡಿಸಿದರೆ 600 ಮಿಲಿಗ್ರಾಂ, ನಾಲ್ಕು ಪಟ್ಟು. ಡ್ರಾಪ್ಸ್‌ನ ಅಳತೆಯಲ್ಲಿ ಸಿರಪ್ ಕೊಟ್ಟರೆ 36 ಮಿಲಿಗ್ರಾಂ ಮಾತ್ರ. ಜ್ವರ ಇಳಿಯುವುದಿಲ್ಲ, ಮನೆಯವರು ಗಾಬರಿಯಾಗಿ ಮತ್ತೆ ಮತ್ತೆ ಕೊಡತೊಡಗುತ್ತಾರೆ. ಅಮೆರಿಕದಲ್ಲಿಯೂ ಇದೇ ತಪ್ಪು ನಡೆಯುತ್ತಿತ್ತು. 2011ರಲ್ಲಿ ಅಲ್ಲಿನ ತಯಾರಕರು ಹಸುಗೂಸಿನ ಡ್ರಾಪ್ಸ್ ಕೈಬಿಟ್ಟು, ಮಕ್ಕಳ ದ್ರವವನ್ನೆಲ್ಲ 5 ಮಿಲಿಲೀಟರ್‌ಗೆ 160 ಮಿಲಿಗ್ರಾಂ ಎಂಬ ಒಂದೇ ಗಾಢತೆಗೆ ತರಲು ಒಪ್ಪಿದರು. ಹೆಸರು ಬಿಡಲು ಇಷ್ಟವಿಲ್ಲದಿದ್ದರೆ ಒಳಗಿನದ್ದನ್ನಾದರೂ ಒಂದೇ ಮಾಡಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ, ನಮ್ಮಲ್ಲಿಯೂ ಆಗಬೇಕಾದದ್ದು.

ಭಾರತದಲ್ಲಿ ಹೆಸರಿನ ಗೊಂದಲ ಬೀದಿಯ ಚರ್ಚೆಯಾದದ್ದು ಓಆರ್‌ಎಸ್ ವಿಷಯದಲ್ಲಿ. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಗುವನ್ನು ಉಳಿಸುವ ಓಆರ್‌ಎಸ್‌ಗೆ ವಿಶ್ವ ಆರೋಗ್ಯ ಸಂಸ್ಥೆ ನಿಖರ ಸೂತ್ರ ಕೊಟ್ಟಿದೆ. ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕೈಕೈ ಹಿಡಿದು ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಮಿತಿ ಮೀರಿದರೆ ಆಟ ತಿರುಗುತ್ತದೆ: ಕರುಳಿನಲ್ಲೇ ಉಳಿದ ಸಕ್ಕರೆ ದೇಹದಿಂದ ನೀರನ್ನು ತನ್ನ ಕಡೆಗೆ ಎಳೆದು ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ.

ಈ ಮೂರಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡ, ಈ ಸೂತ್ರಕ್ಕಿಂತ ಹಲವು ಪಟ್ಟು ಸಕ್ಕರೆಯಿರುವ ಹಣ್ಣಿನ ಪಾನೀಯಗಳು ಮೆಡಿಕಲ್ ಶಾಪ್‌ಗಳಲ್ಲೇ ಮಾರಾಟವಾಗುತ್ತಿದ್ದವು. ಅವುಗಳಿಗಿದ್ದದ್ದು ಔಷಧದ ಪರವಾನಗಿಯಲ್ಲ, ಆಹಾರದ ಪರವಾನಗಿ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಏಪ್ರಿಲ್‌ನಲ್ಲಿ ಈ ಬಳಕೆಯನ್ನು ತಡೆಯಿತು. ಜುಲೈನಲ್ಲಿ, ನೋಂದಾಯಿತ ಟ್ರೇಡ್‌ಮಾರ್ಕ್ ಇರುವವರು ಹೆಸರನ್ನು ಮುಂದುವರಿಸಬಹುದು, ಆದರೆ ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಅಲ್ಲ’ ಎಂದು ಡಬ್ಬಿಯ ಮೇಲೆ ಬರೆಯಬೇಕು ಎಂದು ಸಡಿಲಿಸಿತು. ಹೆಸರು ದೊಡ್ಡಕ್ಷರದಲ್ಲಿ ಹೌದೆನ್ನುತ್ತದೆ, ಸೂಚನೆ ಸಣ್ಣಕ್ಷರದಲ್ಲಿ ಅಲ್ಲವೆನ್ನುತ್ತದೆ. ಮಗು ಸೊರಗಿ ಮಲಗಿರುವಾಗ ರಾತ್ರಿ ಅಂಗಡಿಗೆ ಓಡಿದ ತಂದೆ ಯಾವುದನ್ನು ಓದುತ್ತಾನೆ? ಕೊನೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆ ಸಡಿಲಿಕೆಯನ್ನು ಹಿಂತೆಗೆದುಕೊಂಡು, ಯಾವ ಆಹಾರದ ಹೆಸರಿನಲ್ಲೂ, ಹಿಂದೆ ಮುಂದೆ ಏನೇ ಸೇರಿಸಿದರೂ, ಓಆರ್‌ಎಸ್ ಇರಕೂಡದು ಎಂದಿತು. ಕಂಪನಿಗಳು ದೆಹಲಿ ಹೈಕೋರ್ಟ್‌ಗೆ ಹೋದವು; ತಿಂಗಳ ಕೊನೆಯಲ್ಲಿ ಅಂಥದ್ದೊಂದು ಅರ್ಜಿಯಲ್ಲಿ ಮಧ್ಯಪ್ರವೇಶಿಸಲು ನ್ಯಾಯಾಲಯ ನಿರಾಕರಿಸಿತು. ಬ್ರ್ಯಾಂಡಿನ ಹಕ್ಕಿಗಿಂತ ಕೊಳ್ಳುವವನ ತಿಳಿವಳಿಕೆ ಮೇಲು ಎಂದು ನಿಯಂತ್ರಕರು ಇಷ್ಟು ಸ್ಪಷ್ಟವಾಗಿ ಹೇಳಿದ್ದು ಅಪರೂಪ.

ಅಂಗಡಿಯಲ್ಲಿ ನಿಂತಾಗ ಕೆಲಸಕ್ಕೆ ಬರುವ ಒಂದು ನಿಯಮ ನಮ್ಮಲ್ಲಿದೆ. 2018ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಔಷಧದ ನಿಜನಾಮ, ಅಂದರೆ ಒಳಗಿರುವ ವಸ್ತುವಿನ ಹೆಸರು, ಬ್ರ್ಯಾಂಡ್ ಹೆಸರಿಗಿಂತ ಕನಿಷ್ಠ ಎರಡು ಅಳತೆ ದೊಡ್ಡ ಅಕ್ಷರದಲ್ಲಿರಬೇಕು. ವಿಟಮಿನ್ ಮಿಶ್ರಣಗಳಿಗೆ, ಮೂರು ಅಥವಾ ಹೆಚ್ಚು ಔಷಧ ಬೆರೆತ ಮಾತ್ರೆಗಳಿಗೆ ಇದರಿಂದ ವಿನಾಯಿತಿ ಇದೆ. ಗೊಂದಲ ಹೆಚ್ಚಿರುವುದೇ ಆ ಮಾತ್ರೆಗಳಲ್ಲಿ, ಹಾಗಾಗಿ ಅಲ್ಲಿ ಸ್ಟ್ರಿಪ್ ತಿರುಗಿಸಿ ‘ಪ್ರತಿ ಮಾತ್ರೆಯಲ್ಲಿ ಇರುವುದು’ ಎಂಬ ಅರ್ಥದ ಇಂಗ್ಲಿಷ್ ಸಾಲುಗಳನ್ನು ಒಂದೊಂದಾಗಿ ನೋಡಬೇಕು. ಇಂಗ್ಲಿಷ್ ಓದಲು ಬಾರದವರು ಅಂಗಡಿಯವರನ್ನು ‘ಇದರೊಳಗೆ ಏನೇನಿದೆ, ಪ್ಯಾರಸಿಟಮಾಲ್ ಇದೆಯಾ’ ಎಂದು ಕೇಳಬಹುದು; ಹೆಸರು ಹೇಳಿ ‘ಅದೇ ತಾನೇ’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬರುವುದೇ ಹೆಚ್ಚು. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ನಿಜನಾಮ, ತಯಾರಕರು, ಬ್ಯಾಚ್, ಅವಧಿ ಕಾಣುತ್ತದೆ.

ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಡುವ ಪದ್ಧತಿ ನಮ್ಮಲ್ಲಿ ಎಲ್ಲೆಡೆ ಇದೆ. ಕತ್ತರಿಸಿದಾಗ ಬಾಲದ ಅಕ್ಷರ, ಪ್ರಮಾಣ, ಅವಧಿ ಅಂಗಡಿಯಲ್ಲೇ ಉಳಿದು, ಮನೆಗೆ ಬರುವುದು ಅರ್ಧ ಹೆಸರಿರುವ ತುಂಡು. ಹೆಸರಿರುವ ಭಾಗವನ್ನೇ ಕೊಡಿ ಎಂದು ಕೇಳಿ. ಆಗದಿದ್ದರೆ ಇಡೀ ಸ್ಟ್ರಿಪ್‌ನ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ವೈದ್ಯರ ಬಳಿ ಹೋಗುವಾಗ ಬಿಪಿ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೇಳುವ ಬದಲು ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ವಿದೇಶದಿಂದ ಮಕ್ಕಳು ತಂದ ಡಬ್ಬಿಯನ್ನು, ಹೆಸರು ಎಷ್ಟೇ ಪರಿಚಿತವಾಗಿರಲಿ, ಇಲ್ಲಿನದ್ದೇ ಎಂದುಕೊಂಡು ತೆರೆಯಬೇಡಿ.

ಹೆಸರು ತಪ್ಪಿ ಬೇರೆ ಔಷಧ ನುಂಗಿ ತೊಂದರೆಯಾದರೆ ಚಿಕಿತ್ಸೆ ಪಡೆದು ಸುಮ್ಮನಾಗಬೇಡಿ. ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ನಡೆಸುವ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಗಳು ನೇರವಾಗಿ ಕರೆ ಮಾಡಿ ದಾಖಲಿಸಬಹುದು. ಬ್ರ್ಯಾಂಡಿನ ಪೂರ್ತಿ ಹೆಸರು, ಬಾಲದ ಅಕ್ಷರ, ಬ್ಯಾಚ್ ಸಂಖ್ಯೆ, ಬೇಕಾಗಿದ್ದದ್ದು ಯಾವುದು, ಸಿಕ್ಕಿದ್ದು ಯಾವುದು ಎಂಬುದನ್ನು ಹೇಳಿ. ಅಮೆರಿಕದಲ್ಲಿ ಮ್ಯಾಲೋಕ್ಸ್ ಟೋಟಲ್ ರಿಲೀಫ್‌ನ ಹೆಸರು ಬದಲಿಸುವ ಮಾತು ಹೊರಟದ್ದು ಅಂಥ ಐದು ವರದಿಗಳಿಂದ.